ರೂಪಶ್ರೀಯ ಬೆನ್ನು

ಮುಖದ ಮೇಲೆ ಒಂದು ಮೊಡವೆ ಎದ್ದರೆ ಊರೆಲ್ಲ ವಿಚಾರಿಸುತ್ತದೆ. ಹದಿನಾರರ ಹುಡುಗಿಯಾದರಂತೂ ಕೆನ್ನೆ ಹಿಂಡಿ, ಇವಳಿಗೆ ಬೇಗ ಗಂಡು ನೋಡ್ರಪ್ಪ ಎಂದು ತಮಾಷೆ ಬೇರೆ. ಅದೇ ಮೊಡವೆ, ಮೂವತ್ತು ದಾಟಿ ಒಂದು ಮಗು ಹೆತ್ತ ಹೆಂಗಸಿನ ಬೆನ್ನಿನ ಮೇಲೆ ಎದ್ದರೆ ಅದಕ್ಕೆ ಮೊಡವೆ ಅನ್ನುವ ಹೆಸರೂ ಸಿಗುವುದಿಲ್ಲ. ಗುಳ್ಳೆ, ಕುರು, ಕಜ್ಜಿ, ಯಾರ ಬಾಯಿಗೆ ಏನು ಬಂತೋ ಅದು. ಚನ್ನಗಿರಿಯ ರೂಪಶ್ರೀಯ ಬೆನ್ನಿಗೆ ಈ ಎಲ್ಲ ಹೆಸರೂ ಬಂದವು, ಅದೂ ಹೊರಗಿನವರಿಂದಲ್ಲ, ಮನೆಯವರಿಂದಲೇ.

ರೂಪಶ್ರೀ ಜಗಳೂರು ತಾಲ್ಲೂಕಿನ ಸೊಕ್ಕೆಯ ಹುಡುಗಿ. ಬಿ.ಎ. ಮುಗಿದದ್ದೇ ತಡ ಮದುವೆಯಾಗಿ ಚನ್ನಗಿರಿಗೆ ಬಂದಳು. ಗಂಡ ರೇಣುಕಪ್ರಸಾದ್ ಅಡಿಕೆ ಖೇಣಿ ಹಿಡಿಯುವವನು. ಇನ್ನೂ ಮರದ ಮೇಲಿರುವ ಫಸಲಿಗೆ ಮಾತಾಡಿಕೊಂಡು, ಕೊಯ್ಯಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವ ವ್ಯಾಪಾರ. ಆಸಾಮಿ ಕೆಟ್ಟವನೇನಲ್ಲ. ಕುಡಿಯುವುದಿಲ್ಲ, ಹೆಂಡತಿಯ ಮೇಲೆ ಕೈ ಎತ್ತುವುದಿಲ್ಲ, ಲಿಂಗಪೂಜೆ ಆಗದೆ ಬಾಯಿಗೆ ಚಹಾ ಸೋಕಿಸುವುದಿಲ್ಲ. ಇಂಥವನನ್ನು ದೂರುವುದಾದರೂ ಹೇಗೆ? ರೂಪಶ್ರೀಯ ಕಷ್ಟ ಅದೇ ಆಗಿತ್ತು. ಹೊಡೆಯುವ ಗಂಡನಾಗಿದ್ದರೆ ತವರಿಗೆ ಹೋಗಿ ಅತ್ತು ಹೇಳಬಹುದಿತ್ತು. ನನ್ನ ಬೆನ್ನು ಮುಟ್ಟಲು ಅಸಹ್ಯಪಡುತ್ತಾನೆ ಅಂತ ಯಾವ ಬಾಯಲ್ಲಿ ಹೇಳುವುದು?

ಬೆನ್ನಿನ ಕಾಟ ಶುರುವಾದದ್ದು ಮಗಳು ಇಂಪನ ಹುಟ್ಟಿದ ಮೇಲೆ. ಮೊದಲು ಭುಜದ ಹತ್ತಿರ ಒಂದೆರಡು. ಅತ್ತೆ ಕಸ್ತೂರಮ್ಮ ನೋಡಿ, "ಬಾಣಂತಿ ಉಷ್ಣ ಕಣವ್ವ, ತಾನೇ ಹೋಗ್ತೈತೆ ಬಿಡು" ಅಂದರು. ಹೋಗಲಿಲ್ಲ. ಮಗು ನಡೆಯಲು ಕಲಿತಾಗಲೂ ಹೋಗಲಿಲ್ಲ, ಅಂಗನವಾಡಿಗೆ ಸೇರಿದಾಗಲೂ ಹೋಗಲಿಲ್ಲ. ತಿಂಗಳ ಮುಟ್ಟು ಹತ್ತಿರ ಬಂತೆಂದರೆ ಸಾಕು, ಬೆನ್ನ ತುಂಬ ಗಟ್ಟಿಗಟ್ಟಿ ಗಂಟುಗಳು ಚರ್ಮದಡಿ ಏಳುತ್ತಿದ್ದವು. ಬಸ್ಸಿನ ಸೀಟಿಗೆ ಒರಗುವಂತಿಲ್ಲ, ಅಂಗಾತ ಮಲಗುವಂತಿಲ್ಲ. ಬ್ರಾ ಪಟ್ಟಿ ಉಜ್ಜಿದ ಕಡೆ ಒಡೆದು ಕುಪ್ಪಸಕ್ಕೆ ರಕ್ತದ ಚುಕ್ಕೆ. ಹಾಸಿಗೆಯ ಮೇಲುಹೊದಿಕೆಗೂ ಅದೇ ಚುಕ್ಕೆ. ಅತ್ತೆ ಏಳುವುದರೊಳಗೆ ಅದನ್ನು ಒಗೆದು ಹಾಕುವುದು ಅವಳ ದಿನದ ಮೊದಲ ಕೆಲಸವಾಯಿತು.

ಔಷಧಿ ಹೇಳದವರು ಯಾರಿದ್ದರು? ಬೇವಿನ ಸೊಪ್ಪು ಅರೆದು ಹಚ್ಚು ಅಂದವರು, ಲೋಳೆಸರ ತಿಕ್ಕು ಅಂದವರು, ಹುತ್ತದ ಮಣ್ಣು ಮೆತ್ತು ಅಂದವರು. ಪಥ್ಯ ಬೇರೆ. ಶೇಂಗಾ ಬಿಡು, ಕೊಬ್ಬರಿ ಬಿಡು, ಬದನೆಕಾಯಿ ಮುಟ್ಟಬೇಡ. ರೊಟ್ಟಿಯ ಪಕ್ಕ ಶೇಂಗಾ ಚಟ್ನಿ ಇಲ್ಲದೆ ಎಲೆಯೇ ಬೀಳದ ಮನೆಯಲ್ಲಿ ಅವಳೊಬ್ಬಳು ಮೊಸರಿನಲ್ಲಿ ರೊಟ್ಟಿ ಅದ್ದಿ ತಿಂದಳು. ನಾಲಿಗೆ ಸತ್ತುಹೋಯಿತೇ ಹೊರತು ಬೆನ್ನು ಬದಲಾಗಲಿಲ್ಲ.

ಮೆಡಿಕಲ್ ಶಾಪಿನವನು ಒಂದು ಮುಲಾಮು ಕೊಟ್ಟ. ಬೆನ್ನಿಗೆ ಹಚ್ಚುವ ಮುಲಾಮಿನ ಗತಿ ನೋಡಿ, ಅದನ್ನು ಸ್ವಂತ ಕೈಯಿಂದ ಹಚ್ಚಿಕೊಳ್ಳಲು ಆಗುವುದಿಲ್ಲ. ಇನ್ನೊಬ್ಬರು ಬೇಕು. ಮೊದಮೊದಲು ರೇಣುಕಪ್ರಸಾದನೇ ಹಚ್ಚುತ್ತಿದ್ದ. ಮಂಚದ ಅಂಚಿಗೆ ಕೂತು ಒಂದೇ ಬೆರಳಲ್ಲಿ ಹಚ್ಚುತ್ತ, ಅಡಿಕೆ ಮಂಡಿಯಲ್ಲಿ ಯಾರು ಯಾರಿಗೆ ಟೋಪಿ ಹಾಕಿದರು, ಸಂತೇಬೆನ್ನೂರಿನಲ್ಲಿ ಯಾರ ತೋಟದ ಫಸಲು ಹೇಗಿದೆ ಅಂತ ಹೇಳುತ್ತಿದ್ದ. ರೂಪಶ್ರೀ ಮೊಣಕಾಲು ಅಪ್ಪಿಕೊಂಡು ಹೂಂಗುಟ್ಟುತ್ತಿದ್ದಳು. ಇಡೀ ದಿನದಲ್ಲಿ ಗಂಡ ತನ್ನ ಹತ್ತಿರ ಕೂತು ಮಾತಾಡುವುದು ಅಷ್ಟೇ ಹೊತ್ತು. ಬೆನ್ನು ಉರಿಯುತ್ತಿದ್ದರೂ ಅವಳಿಗೆ ಆ ಹೊತ್ತು ಬೇಕಾಗಿತ್ತು, ಸುಳ್ಳೇಕೆ?

ಒಂದು ಸಂಜೆ ಅವನ ಬೆರಳಿನಡಿಗೇ ಒಂದು ಗಂಟು ಒಡೆಯಿತು. ಕೀವು, ರಕ್ತ ಎರಡೂ ಬಂತು. ಅವನು ಎದ್ದು ಬಚ್ಚಲಿಗೆ ಹೋದ. ಸೋಪು ಹಚ್ಚಿ ಕೈ ತೊಳೆದ. ಮತ್ತೆ ತೊಳೆದ. ಕುಪ್ಪಸ ಏರಿಸಿಕೊಂಡೇ ಕೂತಿದ್ದ ರೂಪಶ್ರೀಗೆ ನಲ್ಲಿಯ ಸದ್ದು ಕೇಳುತ್ತಲೇ ಇತ್ತು. ಆಮೇಲೆ ಊಟಕ್ಕೆ ಕೂತವನು ಅನ್ನ ಕಲಸಿ, ಒಂದು ತುತ್ತೂ ಬಾಯಿಗಿಡದೆ ಎದ್ದುಬಿಟ್ಟ.

"ನಾಳೆಯಿಂದ ಅವ್ವನ ಕೈಲಿ ಹಚ್ಚಿಸ್ಕೋ" ಅಂದ.

ಅವ್ವ ಹಚ್ಚಿಯಾಳೇ? "ನಂಗೆ ಕಣ್ಣು ಸರಿಯಾಗಿ ಕಾಣಲ್ಲ ಕಣವ್ವ" ಅಂದರು ಕಸ್ತೂರಮ್ಮ. ಅಕ್ಕಿಯಲ್ಲಿನ ನುಸಿ ಕಾಣುವ ಕಣ್ಣಿಗೆ ಸೊಸೆಯ ಬೆನ್ನು ಕಾಣುವುದಿಲ್ಲವಂತೆ! ಕೊನೆಗೆ ರೂಪಶ್ರೀ ಹಳೆಯ ದೋಸೆ ಮಗುಚುವ ಕೈಗೆ ಮೆತ್ತನೆ ಬಟ್ಟೆ ಸುತ್ತಿ, ಅದಕ್ಕೆ ಮುಲಾಮು ಬಳಿದು, ಕನ್ನಡಿಗೆ ಬೆನ್ನು ತಿರುಗಿಸಿ ನಿಂತು ತಾನೇ ಹಚ್ಚಿಕೊಳ್ಳತೊಡಗಿದಳು. ಅರ್ಧ ಬೆನ್ನಿಗೆ ಅರ್ಧ ಕುಪ್ಪಸಕ್ಕೆ. ಅದೇ ತಿಂಗಳು ರೇಣುಕಪ್ರಸಾದ್ ದಿಂಬು ಹೊದಿಕೆ ತೆಗೆದುಕೊಂಡು ಮುಂದಿನ ಹಾಲಿಗೆ ಮಲಗಲು ಹೋದ. ಬೆಳಗ್ಗೆ ಬೇಗ ಖೇಣಿಯವರ ಫೋನುಗಳು ಬರುತ್ತವಂತೆ, ಮಗಳ ನಿದ್ದೆ ಹಾಳಾಗುತ್ತದಂತೆ. ಹಾಲಿನಲ್ಲಿ ಟಿ.ವಿ. ಮುಂದೆ ದಿವಾನದ ಮೇಲೆ ಅವನ ಹಾಸಿಗೆ ಖಾಯಮ್ಮಾಯಿತು. ಮನೆಯಲ್ಲಿ ಯಾರೂ ಯಾಕೆ ಅಂತ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತಲ್ಲ.

ಇಷ್ಟಕ್ಕೇ ನಿಂತಿದ್ದರೆ ಅವಳು ಸಹಿಸಿಕೊಂಡೇ ಇರುತ್ತಿದ್ದಳೇನೋ. ಆದರೆ ಕೊನೆಯ ಕೊಯ್ಲಿನ ಅಡಿಕೆ ಬೇಯಿಸುವ ಕಾಲ ಬಂತು. ಕಸ್ತೂರಮ್ಮನ ತಲೆಗೆ ಒಂದು ಔಷಧಿ ಹೊಳೆಯಿತು.

ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕಡುಗೆಂಪು ನೀರಿಗೆ ಚೊಗರು ಅನ್ನುತ್ತಾರೆ. ಬೇಯಿಸಿದಷ್ಟೂ ಅದು ಮಂದವಾಗುತ್ತದೆ. ಅಡಿಕೆಗೆ ಬಣ್ಣ ಬರಲು ಅದನ್ನೇ ಬಳಸುತ್ತಾರೆ. ಬಟ್ಟೆಗೆ ಬಿದ್ದರೆ ಬಟ್ಟೆಯನ್ನೇ ಬಿಸಾಡಬೇಕು.

"ಬೇಯ್ಸೋ ಆಳುಗಳ ಕೈ ನೋಡು," ಅಂದರು ಕಸ್ತೂರಮ್ಮ. "ವರ್ಸಾನುಗಟ್ಲೆ ಚೊಗರಿನಾಗೆ ಕೈ ಅದ್ದಿರ್ತಾರೆ. ಒಂದು ಗುಳ್ಳೆ ಐತಾ? ಒಂದು ಕಜ್ಜಿ ಐತಾ? ಎಂಥ ಗಾಯ ಇದ್ರೂ ಒಣಗಿಸಿಬಿಡ್ತೈತೆ ಅದು. ಮನೇನಾಗೆ ಔಷಧಿ ಇಟ್ಕಂಡು ಊರೆಲ್ಲಾ ಹುಡುಕಾಕೆ ಹತ್ತೀವಿ ನಾವು!"

ರೂಪಶ್ರೀ ಬೇಡ ಅನ್ನಬೇಕಿತ್ತು. ಬಿ.ಎ. ಓದಿದವಳು, ಬೇಡ ಅನ್ನುವಷ್ಟು ಬುದ್ಧಿ ಇತ್ತು. ಆದರೆ ಅತ್ತೆ, "ಪ್ರಸಾದಾ, ನೀನೇ ಹಚ್ಚಪ್ಪ, ನಿನ್ನ ಹೆಂಡ್ತಿ ಬೆನ್ನು" ಅಂದರು. ಅವನು ಹೂಂ ಅಂದುಬಿಟ್ಟ. ಅಷ್ಟಕ್ಕೇ ಇವಳ ಬಾಯಿ ಕಟ್ಟಿಹೋಯಿತು. ಎಷ್ಟೋ ಕಾಲದ ಮೇಲೆ ಗಂಡ ಬೆನ್ನಿಗೆ ಕೈ ಹಚ್ಚುತ್ತಾನೆ ಅನ್ನುವ ಆಸೆ. ಹೆಣ್ಣಿನ ಆಸೆಗೆ ಏನು ಹೇಳುವುದು, ಬೆಂಕಿ ಬಿತ್ತು ಅದಕ್ಕೆ.

ಹಿತ್ತಲಲ್ಲಿ ಗೋಣಿಚೀಲ ಹಾಸಿ ಅವಳನ್ನು ಬೋರಲು ಮಲಗಿಸಿದರು. ರೇಣುಕಪ್ರಸಾದ್ ಒಂದು ಚೊಂಬಿನಲ್ಲಿ ಚೊಗರು ತಂದ. ಇನ್ನೊಂದು ಕೈಯಲ್ಲಿ ಬ್ರಷ್ಷು. ಗೇಟಿಗೆ ಬಣ್ಣ ಹೊಡೆದಿದ್ದ ಬ್ರಷ್ಷು! ಬೆರಳು ಸೋಕದ ಹಾಗೆ, ತೋಳು ಚಾಚಿ, ಮುಖ ಆಚೆ ತಿರುಗಿಸಿಕೊಂಡು ಬಳಿದ. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ. ರೂಪಶ್ರೀ ಹಲ್ಲು ಕಚ್ಚಿಕೊಂಡು ಗೋಣಿಚೀಲದ ನಾರು ಕೀಳುತ್ತಿದ್ದಳು. ಒಂದು ಸಲ ಬಳಿದು ನಿಂತು ನೋಡಿ, ಅಡಿಕೆ ರಾಶಿಯ ಮುಂದೆ ನಿಂತಾಗ ಅನ್ನುವ ಹಾಗೆಯೇ ಅಂದ:

"ಬಣ್ಣ ಚಲೋ ಹಿಡೀತು ನೋಡವ್ವ."

ಅವನು ಬೇಕಂತ ಅಂದದ್ದಲ್ಲ. ರೂಢಿ, ಬಾಯಿಗೆ ಬಂತು. ಆದರೆ ರೂಪಶ್ರೀಗೆ ಚೊಗರಿನ ಉರಿಗಿಂತ ಆ ಮಾತೇ ಹೆಚ್ಚು ಉರಿಯಿತು. ಗೋಣಿಚೀಲದಲ್ಲಿ ಮುಖ ಹುದುಗಿಸಿ ಅತ್ತಳು. ಉರಿಗೆ ಅಳುತ್ತಾಳೆ ಅಂದುಕೊಂಡ ಅತ್ತೆ, "ಉರೀಬೇಕು ಕಣವ್ವ, ಉರಿದ್ರೇನೇ ಗುಣ" ಅಂದರು.

ಗುಣವೇನು ಬಂತು, ಮಣ್ಣು! ಬೆನ್ನಿನ ಚರ್ಮ ಬಿಗಿದು ಬಿರುಕು ಬಿಟ್ಟಿತು. ಒಡೆದಿದ್ದ ಗುಳ್ಳೆಗಳೆಲ್ಲ ಹುಣ್ಣಾದವು. ಬಣ್ಣ ಮಾತ್ರ, ಅವನು ಹೇಳಿದ ಹಾಗೆಯೇ, ಚೆನ್ನಾಗಿ ಹಿಡಿದಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಹೊನ್ನಾಳಿಯಲ್ಲಿ ಅವನ ಚಿಕ್ಕಪ್ಪನ ಮಗಳ ಮದುವೆ ಇತ್ತು. ಬೇಸಿಗೆಯ ಸೆಕೆಯಲ್ಲಿ ರೂಪಶ್ರೀ ಕುತ್ತಿಗೆಯವರೆಗೆ ಸೆರಗು ಹೊದ್ದು ಕೂತಳು. ಸೆರಗಿನಂಚಿನಲ್ಲಿ ಕಂಡ ಕಂದು ಬಣ್ಣಕ್ಕೆ ಯಾರೋ, "ಏನ್ರೀ ಅದು, ಸುಟ್ಟಗಾಯನಾ?" ಅಂತ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ರೇಣುಕಪ್ರಸಾದ್, "ಹೂಂ, ಬಿಸಿನೀರು ಬಿತ್ತು" ಅಂದುಬಿಟ್ಟ. ಹೆಂಡತಿಗೆ ಗುಳ್ಳೆ ಅನ್ನುವುದಕ್ಕಿಂತ ಸುಟ್ಟಗಾಯ ಅನ್ನುವುದು ಅವನಿಗೆ ಹಗುರ.

ಯುಗಾದಿಗೆ ಸೊಕ್ಕೆಗೆ ಹೋದಾಗ ಅವಳ ತಾಯಿ ಅಜ್ಜಮ್ಮ ಮಗಳಿಗೆ ಎಣ್ಣೆ ಹಚ್ಚಲು ಕೂರಿಸಿಕೊಂಡರು. ಬೆನ್ನು ನೋಡಿದ್ದೇ ಎಣ್ಣೆ ಬಟ್ಟಲು ಕೆಳಗಿಟ್ಟರು.

"ಇದೇನೇ ರೂಪಿ ಇದು? ಯಾವ ಪಾಪಿ ಬಳಿದದ್ದು ಇದನ್ನ?"

"ನಿನ್ನಳಿಯ ಕಣವ್ವ."

ಅಜ್ಜಮ್ಮ ಅಳಲಿಲ್ಲ, ಬಯ್ಯಲೂ ಇಲ್ಲ. ಆ ಹುಣ್ಣುಗಳ ಮೇಲೆ ಬರೀ ಅಂಗೈ ಇಟ್ಟು ಕೂತರು. ಹಬ್ಬ ಮುಗಿದ ಮಾರನೆಯ ದಿನ ಮಗಳನ್ನು ದಾವಣಗೆರೆಯ ಬಸ್ಸು ಹತ್ತಿಸಿ, ಒಬ್ಬ ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರಮ್ಮ ವಯಸ್ಸಿನಲ್ಲಿ ರೂಪಶ್ರೀಗಿಂತ ಚಿಕ್ಕವರು. ಮುಟ್ಟು ಸರಿಯಾಗಿ ಆಗುತ್ತದೆಯೇ, ಗದ್ದದ ಮೇಲೆ ಕೂದಲು ಬರುತ್ತದೆಯೇ ಅಂತ ಕೇಳಿದರು. ರಕ್ತಪರೀಕ್ಷೆ, ಸ್ಕ್ಯಾನಿಂಗು ಮಾಡಿಸಿದರು. "ಇದು ಹಾರ್ಮೋನಿನ ತೊಂದರೆ. ನೀವು ತಿಂದದ್ದರಿಂದಲ್ಲ, ಕೊಳಕಿನಿಂದಲ್ಲ, ಯಾರಿಗೂ ಅಂಟುವುದೂ ಇಲ್ಲ" ಅಂದರು. ಇಷ್ಟು ವರ್ಷದಲ್ಲಿ ಇದು ನಿನ್ನ ತಪ್ಪಲ್ಲ ಅಂದ ಮೊದಲ ಬಾಯಿ ಅದು.

"ಒಂದು ಗುಳಿಗೆ ಕೊಡ್ತೀನಿ. ಇದು ಗರ್ಭ ನಿಲ್ಲದ ಹಾಗೆ ತಗೊಳ್ಳೋ ಗುಳಿಗೆನೇ. ಆದರೆ ಹಾರ್ಮೋನ್ ಸರಿಮಾಡುತ್ತೆ ಅಂತ ಈ ತೊಂದರೆಗೂ ಕೊಡ್ತೀವಿ. ತಾಳ್ಮೆ ಬೇಕು. ನಿಲ್ಲಿಸಿದರೆ ಮತ್ತೆ ಬರಲೂಬಹುದು. ಸದ್ಯಕ್ಕೆ ಇನ್ನೊಂದು ಮಗುವಿನ ಯೋಚನೆ ಇಲ್ಲ ತಾನೇ?"

ಹಾಲಿನ ದಿವಾನದ ಮೇಲೆ ಮಲಗುವವನ ನೆನಪಾಗಿ ರೂಪಶ್ರೀಗೆ ನಗು ಬಂತು. "ಇಲ್ಲ ಮೇಡಂ" ಅಂದಳು.

ಮನೆಗೆ ಬಂದು, ಬೆನ್ನಿನ ಗುಳಿಗೆ ಅಂತ ಹೇಳಿದಳು. ಅದು ಸುಳ್ಳಲ್ಲ. ಉಳಿದರ್ಧ ಹೇಳಲಿಲ್ಲ, ನಿಜ. ಯಾರಿಗೆ ಹೇಳಬೇಕಿತ್ತು? ಬ್ರಷ್ಷು ಹಿಡಿದವನಿಗೋ, ಚೊಗರು ತರಿಸಿದವರಿಗೋ?

ಗುಳಿಗೆ ನಿಧಾನಕ್ಕೆ ಕೆಲಸ ಮಾಡಿತು. ಮೊದಲು ಹೊಸ ಗಂಟು ಏಳುವುದು ಕಡಿಮೆಯಾಯಿತು. ದಸರೆಯ ಹೊತ್ತಿಗೆ ಹಳೆಯವು ಕುಗ್ಗಿ ಬರೀ ಕಲೆಗಳಾದವು, ಚೊಗರಿನ ಬಣ್ಣವಂತೂ ಅದಕ್ಕೂ ಮೊದಲೇ ಚರ್ಮದ ಜೊತೆ ಸುಲಿದುಹೋಗಿತ್ತು. ವರ್ಷಗಳ ಮೇಲೆ ಮೊದಲ ಸಲ ಅಂಗಾತ ಮಲಗಿದ ದಿನ ರೂಪಶ್ರೀ ಫ್ಯಾನು ನೋಡುತ್ತ ಒಬ್ಬಳೇ ನಕ್ಕಳು. ಎಂಥ ದೊಡ್ಡ ಸುಖ ಅದು, ಅಂಗಾತ ಮಲಗುವುದು!

ಒಂದು ಭಾನುವಾರ ತಲೆಸ್ನಾನ ಮಾಡಿ ಕೂದಲು ಮುಂದಕ್ಕೆ ಹಾಕಿಕೊಂಡು ಒಣಗಿಸುತ್ತಿದ್ದಳು. ರೇಣುಕಪ್ರಸಾದ್ ಹಿಂದಿನಿಂದ ಹಾದುಹೋಗುವವನು ನಿಂತ.

"ಬೆನ್ನು ಚಲೋ ಆಗೈತಲ್ಲೇ!"

ಅಷ್ಟೇ. ಅದೇ ವಾರ ಅವನ ದಿಂಬು ಒಳಕೋಣೆಗೆ ಬಂತು. ಖೇಣಿಯವರ ಫೋನುಗಳು ಈಗ ಯಾರ ನಿದ್ದೆಯನ್ನೂ ಕೆಡಿಸಲಿಲ್ಲ. ತಪ್ಪಾಯ್ತು ಅಂತ ಒಂದು ಮಾತಿಲ್ಲ, ಬೇಜಾರು ಮಾಡ್ಕೊಂಡಿದ್ದೆಯಾ ಅಂತ ಒಂದು ಮಾತಿಲ್ಲ. ರೂಪಶ್ರೀಗೆ ಮೈ ಉರಿಯಿತು. ಮೈ ಉರಿದರೂ ಖುಷಿಯಾಯಿತು, ಖುಷಿಯಾಯಿತಲ್ಲ ಅಂತ ತನ್ನ ಮೇಲೆಯೇ ಸಿಟ್ಟು ಬಂತು. ಅವನು ಮತ್ತೆ ಮಂಡಿಯ ಕಥೆ ಹೇಳತೊಡಗಿದ, ಇವಳು ಮತ್ತೆ ಹೂಂಗುಟ್ಟತೊಡಗಿದಳು. ಗುಳಿಗೆಯನ್ನು ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಬೆನ್ನು ಮತ್ತೆ ಎದ್ದೀತು, ಬೆನ್ನು ಎದ್ದರೆ ಇವನೂ ಎದ್ದು ಹೋಗುತ್ತಾನೆ ಅನ್ನುವ ಹೆದರಿಕೆ ಅವಳಿಗಿತ್ತು. ಬೆಳಗ್ಗೆ ಗುಳಿಗೆ ನುಂಗುವಾಗಲೆಲ್ಲ ಅದೇ ಹೆದರಿಕೆ.

ದಿಂಬು ಒಳಗೆ ಹೋದದ್ದು ಕಸ್ತೂರಮ್ಮನಿಗೆ ಕಾಣಿಸದೇ ಇರುತ್ತದೆಯೇ? ಆ ಕಣ್ಣಿಗೆ ಬೇಕಾದದ್ದೆಲ್ಲ ಕಾಣುತ್ತದೆ. ಇಂಪನಳಿಗೆ ಒಬ್ಬ ತಮ್ಮ ಬೇಕು ಅಂತ ಶುರು ಮಾಡಿದರು. ತಿಂಗಳು ತಿಂಗಳು ಸೊಸೆ ಮುಟ್ಟಾದದ್ದನ್ನು ಗಮನಿಸಿ ಮುಖ ಗಂಟಿಕ್ಕಿದರು. ಆಶಾ ಕಾರ್ಯಕರ್ತೆ ಪವಿತ್ರ ಮನೆಮನೆ ಸರ್ವೆಗೆ ಬಂದ ದಿನ ಅವಳನ್ನು ಹಾಲಿನಲ್ಲಿ ಕೂರಿಸಿ, ಚಹಾ ಕೊಟ್ಟು, ಸೊಸೆಯ ಬೀರುವಿನಿಂದ ಗುಳಿಗೆಯ ಹಾಳೆ ತಂದು ಕೈಗಿಟ್ಟರು.

"ನೋಡವ್ವ, ಇವ್ಳು ಬೆನ್ನಿಗೆ ಅಂತ ಇದನ್ನ ನುಂಗ್ತಾಳೆ. ಬಸಿರಾಗೋರು ಇಂಥ ಉಷ್ಣದ ಗುಳಿಗೆ ನುಂಗಬೌದಾ?"

ಪವಿತ್ರ ಹಾಳೆಯನ್ನು ತಿರುಗಿಸಿ ನೋಡಿದಳು. ಪಾಪ, ಸಣ್ಣ ಹುಡುಗಿ, ಮನಸ್ಸಿನಲ್ಲಿ ಕಪಟವಿಲ್ಲ. "ಇದು ನುಂಗಿದ್ರೆ ಬಸಿರು ಹೆಂಗಾಗ್ತಾರೆ ದೊಡ್ಡಮ್ಮ? ಇದು ಮಕ್ಕಳಾಗದಂಗೆ ತಗಳೋ ಗುಳಿಗೆ" ಅಂದಳು.

ಶುರುವಾಯಿತು ನೋಡಿ! "ಅಯ್ಯಯ್ಯೋ, ನನ್ನ ಮನೆ ತೊಳೆದ್ಲಲ್ಲೋ!" ಅಂತ ಕಸ್ತೂರಮ್ಮ ಎದೆ ಬಡಿದುಕೊಂಡರು. ಮಾವ ಪಂಚಾಕ್ಷರಪ್ಪ ಟಿ.ವಿ. ಸದ್ದು ಜೋರು ಮಾಡಿದರು. ಸದ್ದು ಹೆಚ್ಚಾದರೆ ಕಿವಿಗೆ ಬೀಳುವುದಿಲ್ಲ ಅನ್ನುವ ಧೈರ್ಯ ಅವರದು. ಅಡುಗೆಮನೆಯಿಂದ ರೂಪಶ್ರೀ ಬಂದಳು, ಹಿತ್ತಲಿಂದ ರೇಣುಕಪ್ರಸಾದ್ ಬಂದ. ಪವಿತ್ರಳ ಕೈಯಲ್ಲಿ ಚಹಾ ಲೋಟ ಹಾಗೇ ಉಳಿಯಿತು.

"ಮೋಸ ಮಾಡಿದೆಯಲ್ಲೇ," ಅಂದ ರೇಣುಕಪ್ರಸಾದ್. "ಮಗ ಬೇಕು ಅಂತ ನಾವು ದೇವ್ರಿಗೆ ಕೈ ಮುಗೀತಾ ಇದ್ರೆ, ನೀನು ಒಳಗೊಳಗೇ ಹಿಂಗೆ ಮಾಡಾದಾ?"

ಸಿಕ್ಕಿಬಿದ್ದೆ ಅಂತ ರೂಪಶ್ರೀ ಹೆದರಿದ್ದು ನಿಜ. ಆದರೆ ಮೋಸ ಅನ್ನುವ ಮಾತು ಕೇಳಿದ್ದೇ ಹೆದರಿಕೆ ಹಾರಿಹೋಯಿತು.

"ನೀವು ಹಾಲಿನಾಗೆ ಮಲಗಿದ್ದಾಗ ಡಾಕ್ಟರು ಕೊಟ್ಟ ಗುಳಿಗೆ ಅದು. ಆಗ ಯಾವ ಮಗಾರೀ? ಗಂಡ ಹತ್ರ ಬರ್ದೆ ಯಾರಿಗಾದ್ರೂ ಮಕ್ಕಳಾಗ್ತಾವಾ?"

"ಶಿವನೇ, ಮಾತು ನೋಡು ಇವಳ್ದು" ಅಂದರು ಅತ್ತೆ.

"ಈಗ ಬಂದೀನಲ್ಲ. ಈಗ್ಯಾಕೆ ಬಿಡ್ಲಿಲ್ಲ?" ಅಂದ ಅವನು.

"ನೀವು ಮತ್ತೆ ಹೋಗ್ತೀರಿ ಅಂತ." ಅಂದಳು ಅವಳು. "ಗುಳಿಗೆ ಬಿಟ್ರೆ ಬೆನ್ನು ಮೊದ್ಲಿನಂಗೆ ಆಗಬೌದು ಅಂದಾರೆ ಡಾಕ್ಟರು. ಆಗ್ಲಿ, ಬಿಡ್ತೀನಿ. ಇವತ್ತೇ ಬಿಡ್ತೀನಿ. ನಂಗೂ ಇನ್ನೊಂದು ಮಗು ಬ್ಯಾಡ ಅಂತಿಲ್ಲ. ಬೆನ್ನು ಹಂಗಾದ್ರೂ ನಾನು ಹಾಲಿಗೆ ಹೋಗಲ್ಲ, ನಿನ್ನ ಜೊತೆಗೇ ಇರ್ತೀನಿ ಅಂತ ಒಂದು ಮಾತು ಹೇಳ್ರಿ. ಇಷ್ಟು ಜನದ ಮುಂದೆ ಹೇಳ್ರಿ, ಸಾಕು."

ರೇಣುಕಪ್ರಸಾದ್ ಅವ್ವನ ಮುಖ ನೋಡಿದ, ಪವಿತ್ರಳ ಮುಖ ನೋಡಿದ. ರೂಪಶ್ರೀಯ ಜೀವವೆಲ್ಲ ಅವನ ಬಾಯಿಯ ಮೇಲಿತ್ತು. ಒಂದು ಸುಳ್ಳು ಹೇಳಿದ್ದರೂ ಅವಳು ನಂಬಲು ತಯಾರಾಗಿದ್ದಳು. ಅವನು ಯೋಚನೆ ಮಾಡಿ, ವ್ಯಾಪಾರದ ಮಾತು ಕುದುರಿಸುವವನ ಹಾಗೆ, ಸಮಾಧಾನದ ದನಿಯಲ್ಲೇ ಅಂದ:

"ಮೊದ್ಲು ಬಸಿರಾಗು. ಬಸಿರಾದ ಮೇಲೆ ಹೆಂಗೂ ದೂರ ಮಲಗಬೇಕಲ್ಲ. ಆಗ ನಾನು ಹಾಲಿನಾಗಿದ್ರೆ ನಿಂಗೇನು ತೊಂದ್ರೆ?"

"ಸರಿಯಾಗಿ ಹೇಳ್ದ ನೋಡು ನನ್ನ ಮಗ," ಅಂದರು ಕಸ್ತೂರಮ್ಮ.

ಸರಿಯಾಗಿಯೇ ಹೇಳಿದ. ಅಡಿಕೆಗೆ ರೇಟು ಹೇಳುವ ಹಾಗೆ ಸರಿಯಾಗಿ ಹೇಳಿದ. ರೂಪಶ್ರೀ ಪವಿತ್ರಳ ಮಡಿಲಲ್ಲಿದ್ದ ಗುಳಿಗೆಯ ಹಾಳೆ ಎತ್ತಿಕೊಂಡಳು. ಅಳುತ್ತಾಳೇನೋ ಅಂತ ಎಲ್ಲರೂ ನೋಡಿದರು. ಅಳಲಿಲ್ಲ.

"ಬೆನ್ನು ಮುಟ್ಟಾಕೆ ಆಗದೋರಿಗೆ ನನ್ನ ಹೊಟ್ಟೆ ಯಾಕ್ರೀ ಬೇಕು?" ಅಂದಳು.

ಪಂಚಾಕ್ಷರಪ್ಪ ಟಿ.ವಿ. ಆರಿಸಿಬಿಟ್ಟರು. ರೂಪಶ್ರೀ ಒಳಗೆ ಹೋಗಿ ಅವತ್ತಿನ ಗುಳಿಗೆ ನುಂಗಿ, ಒಲೆಯ ಮೇಲಿದ್ದ ಸಾರಿಗೆ ಒಗ್ಗರಣೆ ಹಾಕಿದಳು.

ಅವಳು ಈಗಲೂ ಅದೇ ಮನೆಯಲ್ಲಿದ್ದಾಳೆ. ಮಗಳನ್ನು ಸ್ಕೂಲಿಗೆ ಕಳಿಸುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಅಡಿಕೆ ಬೇಯಿಸುವ ಕಾಲಕ್ಕೆ ಆಳುಗಳಿಗೆ ಬುತ್ತಿ ಕಟ್ಟುತ್ತಾಳೆ. ಗುಳಿಗೆ ನುಂಗಿ ಮನೆತನ ನಿಲ್ಲಿಸಿದಳು ಅಂತ ಕಸ್ತೂರಮ್ಮ ಬಂದ ನೆಂಟರಿಗೆಲ್ಲ ಉಪ್ಪುಖಾರ ಹಚ್ಚಿ ಹೇಳುತ್ತಾರೆ. ಮತ್ತೆ ಹಾಲಿನ ದಿವಾನಕ್ಕೇ ಹೋದ ರೇಣುಕಪ್ರಸಾದ್ ಒಂದೆರಡು ಸಲ ಕೋಣೆಯ ಬಾಗಿಲಿಗೆ ಬಂದು ನಿಂತ. ಅವಳು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಮಂಡಿಯ ಸುದ್ದಿ ತೆಗೆದ, ಅವಳು ಹೂಂ ಅನ್ನಲಿಲ್ಲ. ಸ್ವಲ್ಪ ಹೊತ್ತು ನಿಂತು ತಿರುಗಿ ಹೋದ. ಅವಳ ಬೆನ್ನು ಈಗ ಮದುವೆಯ ಹೊಸತರಲ್ಲಿ ಇದ್ದ ಹಾಗೆ ನುಣುಪಾಗಿದೆ. ಅದರ ಮೇಲೆ ಯಾರ ಕೈಯೂ ಬೀಳುವುದಿಲ್ಲ.